ಚಿಗುರು ಓಡುವಾಗ ಬೇರು ಸಾರಜನಕವನ್ನು ಏಕೆ ಮುಟ್ಟುವುದಿಲ್ಲ? ಪಾಲಿಹೌಸ್ ಗುಲಾಬಿಯ ಗೊಬ್ಬರದ ಲೆಕ್ಕ

ಅಮ್ಮಿನಬಾವಿ ಗುಲಾಬಿ | ಡಿಸೆಂಬರ್ 12

ಎಲ್ಲರಿಗೂ ನಮಸ್ಕಾರ. ಧಾರವಾಡ ತಾಲ್ಲೂಕಿನಲ್ಲಿ ನನ್ನದು ಹತ್ತು ಗುಂಟೆಯ ಪಾಲಿಹೌಸ್. ಬೆಳೆ ಕೆಂಪು ಗುಲಾಬಿ. ಗಿಡಗಳು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ತೊಟ್ಟಿಗಳಲ್ಲಿವೆ, ನೀರು ಗೊಬ್ಬರ ಎರಡೂ ಡ್ರಿಪ್‌ನಲ್ಲೇ ಹೋಗುತ್ತವೆ. ಫೆಬ್ರುವರಿ 14ರ ಮಾರುಕಟ್ಟೆ ಹಿಡಿಯಬೇಕೆಂದು ನವೆಂಬರ್ ಕೊನೆಯ ವಾರ ಎಲ್ಲ ಗಿಡಗಳನ್ನೂ ಒಟ್ಟಿಗೆ ಕತ್ತರಿಸಿ ಸವರಿದ್ದೇನೆ. ಈಗ ಕಣ್ಣು ಒಡೆದು ಕೆಂಪು ಚಿಗುರು ಬೆರಳುದ್ದ ಬಂದಿದೆ. ಹೋದ ವರ್ಷ ಇದೇ ಹಂತದಲ್ಲಿ ನಾನು ಪೆಟ್ಟು ತಿಂದಿದ್ದರಿಂದ ಈ ಸಲ ಕೈ ಇಡುವ ಮೊದಲೇ ಕೇಳುತ್ತಿದ್ದೇನೆ.

ಹೋದ ವರ್ಷ ಆದದ್ದು ಇಷ್ಟು. ಚಿಗುರು ದಿನಕ್ಕಿಷ್ಟು ಎಂದು ಏರುವುದನ್ನು ನೋಡಿ, ಬೆಳೆಯುವ ಮಗುವಿಗೆ ಊಟ ಹೆಚ್ಚು ಬೇಕಲ್ಲ ಎಂದುಕೊಂಡು 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ) ಸೇರಿಸುತ್ತಾ ಹೋದೆ. ಕೊಡುವ ನೀರಿನ ಇಸಿ, ಅಂದರೆ ಕರಗಿದ ಲವಣದ ಅಳತೆ, 1.6 ಇದ್ದದ್ದನ್ನು 2.4ಕ್ಕೆ ಏರಿಸಿದೆ. ಎರಡು ವಾರದಲ್ಲಿ ತೊಟ್ಟಿಯಿಂದ ಬಸಿದು ಬರುವ ನೀರಿನ ಇಸಿ 3.5 ದಾಟಿತು, ಎಳೆ ಎಲೆಗಳ ಅಂಚು ಸುಟ್ಟಂತೆ ಕಂದಿತು. ಹೆದರಿ, ಮೊಗ್ಗು ಕಾಣುವ ಹೊತ್ತಿಗೆ ಸಾರಜನಕವನ್ನು ಅರ್ಧಕ್ಕೆ ಇಳಿಸಿದೆ. ಮೊಗ್ಗಿನ ಕಾಲದಲ್ಲಿ ಸಾರಜನಕ ಬೇಡ ಎಂದು ಗೊಬ್ಬರದ ಅಂಗಡಿಯವರೂ ಹೇಳಿದ್ದರು. ಹೂವು ಹೇಗೋ ಬಂತು, ಆದರೆ ಅದರ ಮುಂದಿನ ಸುತ್ತು ಪೂರಾ ಸೊರಗಿತು. ಕಡ್ಡಿ ಗಿಡ್ಡ, ಬುಡದ ಎಲೆ ಹಳದಿ.

ಕಡಿಮೆ ಕೊಟ್ಟರೆ ಸೊರಗುತ್ತದೆ, ಹೆಚ್ಚು ಕೊಟ್ಟರೆ ಸುಡುತ್ತದೆ ಎಂಬುದು ಗೊತ್ತು. ನನಗೆ ತಿಳಿಯಬೇಕಾದದ್ದು ಬೇರೆ. ಗಿಡ ಸಾರಜನಕವನ್ನು ನಿಜವಾಗಿ ಯಾವಾಗ ತೆಗೆದುಕೊಳ್ಳುತ್ತದೆ? ನಾವು ಎಷ್ಟು ಇಟ್ಟರೆ ಅಷ್ಟು ಕುಡಿಯುತ್ತದೆಯೇ, ಅಥವಾ ಅದಕ್ಕೆ ತನ್ನದೇ ಲೆಕ್ಕವಿದೆಯೇ?

ಹಾನಗಲ್ ಜರ್ಬೇರಾ | ಡಿಸೆಂಬರ್ 12

ಅಣ್ಣಾವರೇ, ಗುಲಾಬಿಯ ಬಗ್ಗೆ ನನಗೆ ಅಷ್ಟು ತಿಳಿಯದು, ಜರ್ಬೇರಾದ ಮಾತು ಹೇಳುತ್ತೇನೆ. ಮೊದಲ ವರ್ಷ ನಾನೂ ಎಲೆಯ ಹಸಿರು ನೋಡಿ ಹಿಗ್ಗಿದವಳು. ಯೂರಿಯಾ ರೂಪದ ಸಾರಜನಕ ಹೆಚ್ಚಿದಂತೆ ಎಲೆಗಳು ಊಟದ ಮುತ್ತುಗದ ಎಲೆಯಷ್ಟು ಅಗಲವಾದವು. ಹೂವು ಎಲೆಗಳ ಅಡಿಯಲ್ಲೇ ಹುಟ್ಟಿ ಅಲ್ಲೇ ಸೊಟ್ಟಗಾಗುತ್ತಿತ್ತು. ಗಿಡದ ನಡುವೆ ಬೆಳಕು ಗಾಳಿ ಆಡದೆ ಬುಡ ಕೊಳೆಯತೊಡಗಿತು. ಮೆತ್ತನೆಯ ಎಲೆಗೆ ಥ್ರಿಪ್ಸ್ ಹುಳ ಬೇರೆ ಮುತ್ತಿಕೊಂಡಿತು. ಈಗ ಹಳೆಯ ಎಲೆ ಕಿತ್ತು ಗಿಡವನ್ನು ಬಿಡಿಸಿ ಇಡುತ್ತೇನೆ, ಸಾರಜನಕಕ್ಕಿಂತ ಪೊಟ್ಯಾಷ್ ಸ್ವಲ್ಪ ಮುಂದಿರುವಂತೆ ನೋಡಿಕೊಳ್ಳುತ್ತೇನೆ. ಆದರೆ ಯಾವಾಗ ತೆಗೆದುಕೊಳ್ಳುತ್ತದೆ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಎಂದೂ ಕೇಳಿಕೊಂಡಿಲ್ಲ. ಉತ್ತರಕ್ಕೆ ನಾನೂ ಕಾಯುತ್ತೇನೆ.

ನಿವೃತ್ತ ಮಣ್ಣು ಮೇಷ್ಟ್ರು, ಧಾರವಾಡ | ಡಿಸೆಂಬರ್ 13

ಪ್ರಶ್ನೆ ಬಹಳ ಒಳ್ಳೆಯದು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಸಾವಧಾನವಾಗಿ ಓದಿ.

ಬೇರು ಸ್ಪಂಜಿನಂತೆ ಸುಮ್ಮನೆ ಹೀರುವುದಿಲ್ಲ. ಅದರ ಜೀವಕೋಶಗಳ ಪೊರೆಯಲ್ಲಿ ನೈಟ್ರೇಟನ್ನು, ಅಂದರೆ ಬೇರು ಹೀರಬಲ್ಲ ರೂಪದ ಸಾರಜನಕವನ್ನು, ಹಿಡಿದು ಒಳಗೆ ದಾಟಿಸುವ ಪ್ರೋಟೀನುಗಳಿವೆ. ಆ ಕೆಲಸಕ್ಕೆ ಶಕ್ತಿ ಬೇಕು. ಶಕ್ತಿ ಬರುವುದು ಎಲೆಯಲ್ಲಿ ತಯಾರಾಗಿ ಕೆಳಗೆ ಇಳಿದು ಬರುವ ಸಕ್ಕರೆಯಿಂದ. ಈ ಪ್ರೋಟೀನುಗಳಲ್ಲಿ ಎರಡು ತಂಡ. ಒಂದು, ಸಾರಜನಕ ತೀರಾ ತೆಳುವಾಗಿದ್ದಾಗಲೂ ಹಿಡಿಯಬಲ್ಲದು, ಆದರೆ ಲೀಟರಿಗೆ ಸುಮಾರು 7 ರಿಂದ 14 ಮಿಲಿಗ್ರಾಂ ಸಾರಜನಕ ಆಗುವಷ್ಟರಲ್ಲೇ ಅದರ ಕೈ ತುಂಬಿಬಿಡುತ್ತದೆ. ಇನ್ನೊಂದು ತಂಡ ಅದಕ್ಕಿಂತ ಗಟ್ಟಿಯಾದ ದ್ರಾವಣದಲ್ಲಿ ಮಾತ್ರ ಕೆಲಸಕ್ಕಿಳಿಯುತ್ತದೆ. 1952ರಲ್ಲಿ ಎಮಾನುಯೆಲ್ ಎಪ್‌ಸ್ಟೈನ್ ಬಾರ್ಲಿಯ ಬೇರುಗಳಲ್ಲಿ ಪೊಟ್ಯಾಸಿಯಂ, ರುಬಿಡಿಯಂ ಹೀರಿಕೆಯನ್ನು ಅಳೆದು, ಅದು ಕಿಣ್ವಗಳ ಕೆಲಸದಂತೆಯೇ ಏರುತ್ತಾ ಹೋಗಿ ಒಂದು ಮಿತಿಯಲ್ಲಿ ನಿಲ್ಲುತ್ತದೆ ಎಂದು ತೋರಿಸಿದರು. ನೈಟ್ರೇಟಿನ ಲೆಕ್ಕವೂ ಅದೇ ದಾರಿಯಲ್ಲಿ ಬೆಳೆಯಿತು. ಊರಿನ ಹಿಟ್ಟಿನ ಗಿರಣಿಯನ್ನು ನೆನೆಯಿರಿ. ಮುಂದೆ ಹತ್ತು ಚೀಲ ಜೋಳ ಇಟ್ಟರೂ ನೂರು ಚೀಲ ಇಟ್ಟರೂ ಕಲ್ಲು ಬೀಸುವುದು ತನ್ನ ವೇಗದಲ್ಲೇ.

ಇನ್ನು ಆ ಕಲ್ಲಿನ ವೇಗವನ್ನು ನಿರ್ಧರಿಸುವುದು ಗಿಡದ ಒಳಗಿನ ಬೇಡಿಕೆ. ಒಳಗೆ ಸಾರಜನಕ ಸಾಕಷ್ಟು ಇದ್ದರೆ ಅಮೈನೋ ಆಮ್ಲಗಳು, ಮುಖ್ಯವಾಗಿ ಗ್ಲುಟಮಿನ್, ಸಾಕು ಎಂಬ ಸೂಚನೆಯನ್ನು ಬೇರಿಗೆ ಮುಟ್ಟಿಸುತ್ತವೆ, ಬೇರು ಸಾಗಿಸುವ ಪ್ರೋಟೀನನ್ನು ಕಡಿಮೆ ತಯಾರಿಸುತ್ತದೆ. ಕೆಲವು ದಿನ ಕೊರತೆಯಾದರೆ ಉಲ್ಟಾ ಆಗುತ್ತದೆ: ಪ್ರೋಟೀನು ಹೆಚ್ಚುತ್ತದೆ, ಮತ್ತೆ ಸಾರಜನಕ ಸಿಕ್ಕಾಗ ಬೇರು ಮೊದಲಿಗಿಂತ ಬೇಗ ಎಳೆದುಕೊಳ್ಳುತ್ತದೆ. ಆದ್ದರಿಂದ ಅಲ್ಪಕಾಲದ ಕೊರತೆಯನ್ನು ಗಿಡ ತಾನಾಗಿಯೇ ತುಂಬಿಕೊಳ್ಳಬಲ್ಲದು. ಕೊರತೆ ವಾರಗಟ್ಟಲೆ ಎಳೆದರೆ ಮಾತ್ರ ಎಲೆ ಕಡಿಮೆಯಾಗಿ, ಸಕ್ಕರೆ ಕಡಿಮೆಯಾಗಿ ಬೇರೂ ಸೋಲುತ್ತದೆ.

ಈಗ ನಿಮ್ಮ ಗುಲಾಬಿಗೆ ಬರೋಣ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಹಸಿರುಮನೆ ಗುಲಾಬಿಯ ಸಾರಜನಕ ಹೀರಿಕೆಯನ್ನು ಹೂವಿನ ಸುತ್ತಿನುದ್ದಕ್ಕೂ ಅಳೆದರು. ಫಲಿತಾಂಶ ನಮ್ಮ ಊಹೆಗೆ ತಿರುಗುಮುರುಗಾಗಿತ್ತು. ಕಟಾವಾದ ಮೇಲೆ ಹೀರಿಕೆ ಇಳಿಯುತ್ತದೆ. ಹೊಸ ಚಿಗುರು ಅತಿ ವೇಗವಾಗಿ ಉದ್ದವಾಗುವ ಹೊತ್ತಿನಲ್ಲಿ ಅದು ಕನಿಷ್ಠಕ್ಕೆ ಬರುತ್ತದೆ. ಚಿಗುರಿನ ಓಟ ನಿಂತು, ಎಲೆ ಬಲಿತು, ಮೊಗ್ಗು ದಪ್ಪವಾಗಿ ಕಟಾವಿಗೆ ಹತ್ತಿರವಾದಾಗ ಮೇಲೆದ್ದು ಗರಿಷ್ಠ ಮುಟ್ಟುತ್ತದೆ.

ಹೋದ ವರ್ಷ ನೀವು ಮಾಡಿದ್ದು ಸರಿಯಾಗಿ ಇದಕ್ಕೆ ವಿರುದ್ಧ. ಕುಡಿಯದ ಹೊತ್ತಿನಲ್ಲಿ ಸುರಿದಿರಿ, ಕುಡಿಯುವ ಹೊತ್ತಿನಲ್ಲಿ ತಡೆದಿರಿ. ಇದು ನಿಮ್ಮೊಬ್ಬರ ತಪ್ಪಲ್ಲ, ಕಣ್ಣಿಗೆ ಕಾಣುವುದನ್ನು ನಂಬಿದರೆ ಯಾರಿಗಾದರೂ ಹಾಗೆಯೇ ತೋರುತ್ತದೆ.

ರಾಣೆಬೆನ್ನೂರು ನೆರಳುಬಲೆ | ಡಿಸೆಂಬರ್ 13

ಮೇಷ್ಟ್ರೇ, ಗೌರವದಿಂದಲೇ ಒಂದು ತಕರಾರು. ನಾನು ನೆರಳುಬಲೆಯಲ್ಲಿ ತರಕಾರಿ ಬೀಜೋತ್ಪಾದನೆ ಮಾಡುವವನು. ಎಳೆ ಎಲೆಯಲ್ಲಿ ಸಾರಜನಕದ ಪ್ರಮಾಣ ಬಲಿತ ಎಲೆಗಿಂತ ಹೆಚ್ಚು ಎಂದು ಎಲೆ ಪರೀಕ್ಷೆಯಲ್ಲಿ ನಾನೇ ನೋಡಿದ್ದೇನೆ. ಚಿಗುರು ಓಡುವಾಗ ಬೇರು ಕುಡಿಯುವುದಿಲ್ಲ ಎಂದಾದರೆ ಆ ಚಿಗುರಿನೊಳಗಿನ ಸಾರಜನಕ ಎಲ್ಲಿಂದ ಬಂತು? ಗಾಳಿಯಿಂದ ಬರಲು ಅದೇನು ಕಡಲೆ ಗಿಡವೇ?

ನಿವೃತ್ತ ಮಣ್ಣು ಮೇಷ್ಟ್ರು, ಧಾರವಾಡ | ಡಿಸೆಂಬರ್ 14

ತಕರಾರು ಸರಿಯಾದದ್ದೇ. ಉತ್ತರ ನಿಮ್ಮ ಹಿರಿಯರ ಮನೆಯಲ್ಲೇ ಇತ್ತು, ಅದರ ಹೆಸರು ಹಗೇವು. ಜೋಳದ ಸುಗ್ಗಿಯಲ್ಲಿ ತುಂಬಿಟ್ಟು, ಮಳೆಗಾಲದಲ್ಲಿ ತೆಗೆದು ಉಣ್ಣುತ್ತಿದ್ದರಲ್ಲ, ಗುಲಾಬಿಯೂ ಹಾಗೆಯೇ. ಕಟಾವಿನ ಮುನ್ನ ತುಂಬು ವೇಗದಲ್ಲಿ ಹೀರಿದ ಸಾರಜನಕವೆಲ್ಲ ಆ ಹೂವಿಗೇ ಹೋಗುವುದಿಲ್ಲ. ಒಂದು ಪಾಲು ಬುಡದ ಕಾಂಡ, ಕತ್ತರಿಸದೆ ಬಗ್ಗಿಸಿ ಉಳಿಸಿದ ಕಡ್ಡಿಯ ಎಲೆ, ಬೇರುಗಳಲ್ಲಿ ಪ್ರೋಟೀನು ಮತ್ತು ಅಮೈನೋ ಆಮ್ಲವಾಗಿ ಕೂಡಿಡಲ್ಪಡುತ್ತದೆ. ಮುಂದಿನ ಚಿಗುರು ಮೊದಲು ಆ ಸಂಗ್ರಹವನ್ನೇ ತೆಗೆದುಕೊಳ್ಳುತ್ತದೆ. ಸಾರಜನಕ ಗಿಡದೊಳಗೆ ಸುಲಭವಾಗಿ ಸ್ಥಳ ಬದಲಿಸುವ ಪೋಷಕಾಂಶ. ಕೊರತೆಯಲ್ಲಿ ಬುಡದ ಎಲೆ ಮೊದಲು ಹಳದಿಯಾಗುವುದು ಅದಕ್ಕೇ.

ಚಿಗುರು ಓಡುವಾಗ ಬೇರು ಏಕೆ ನಿಧಾನವಾಗುತ್ತದೆ ಎಂದರೆ, ಆ ಹೊತ್ತಿನಲ್ಲಿ ಸಕ್ಕರೆಯನ್ನೆಲ್ಲ ಚಿಗುರೇ ಸೆಳೆದುಕೊಳ್ಳುತ್ತದೆ. ಹೂಕಡ್ಡಿ ಕತ್ತರಿಸಿದಾಗ ಅದರ ಎಲೆಗಳೂ ಹೋಗಿರುತ್ತವೆ, ಅಂದರೆ ಸಕ್ಕರೆ ತಯಾರಿಸುವ ಕೈಗಳೂ ಕಡಿಮೆ. ಬೇರಿನ ಪಾಲಿಗೆ ಉಳಿಯುವುದು ಅಲ್ಪ. ಹೊಸ ಎಲೆ ಬಲಿತು ತಾನೇ ಸಕ್ಕರೆ ಕೊಡತೊಡಗಿದ ಮೇಲೆ ಬೇರಿಗೆ ಮತ್ತೆ ಬಲ ಬರುತ್ತದೆ.

ಅಮ್ಮಿನಬಾವಿಯವರ ಮುಂದಿನ ಸುತ್ತು ಸೊರಗಿದ್ದಕ್ಕೆ ಕಾರಣವೂ ಇದರಲ್ಲೇ ಇದೆ ಎಂದು ನನಗೆ ತೋರುತ್ತದೆ. ಜನವರಿಯಲ್ಲಿ ಹಗೇವು ತುಂಬುವ ಹೊತ್ತಿಗೆ ಸಾರಜನಕ ಇಳಿಸಿದರು. ಫೆಬ್ರುವರಿಯ ಹೂವು ಬಚಾವಾಯಿತು, ಮಾರ್ಚಿನ ಚಿಗುರಿಗೆ ಬುತ್ತಿ ಉಳಿಯಲಿಲ್ಲ.

ಅಮ್ಮಿನಬಾವಿ ಗುಲಾಬಿ | ಡಿಸೆಂಬರ್ 14

ಮೇಷ್ಟ್ರೇ, ಇದನ್ನು ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಹತ್ತು ವರ್ಷ ಕೃಷಿ ಮಾಡಿದವನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಆದರೆ ಕ್ಯಾಲಿಫೋರ್ನಿಯಾದ ಗುಲಾಬಿ ಬೇರೆ, ನಮ್ಮ ನೀರು ಬೇರೆ, ನಮ್ಮ ಬಿಸಿಲು ಬೇರೆ. ನನ್ನ ಮನೆಯಲ್ಲೇ ಇದನ್ನು ನೋಡುವ ಉಪಾಯವಿದೆಯೇ? ಇಸಿ ಮೀಟರ್, ಪಿಎಚ್ ಮೀಟರ್ ಎರಡೇ ನನ್ನ ಬಳಿ ಇರುವುದು.

ನಿವೃತ್ತ ಮಣ್ಣು ಮೇಷ್ಟ್ರು, ಧಾರವಾಡ | ಡಿಸೆಂಬರ್ 14

ಇದೆ. ಇಸಿ ಮೀಟರ್ ಒಟ್ಟು ಲವಣ ತೋರಿಸುತ್ತದೆ, ಸಾರಜನಕವನ್ನೇ ಬೇರೆಯಾಗಿ ತೋರಿಸುವುದಿಲ್ಲ. ನೈಟ್ರೇಟ್ ಅಳೆಯುವ ಬಣ್ಣದ ಪಟ್ಟಿ ತರಿಸಿಕೊಳ್ಳಿ. ಒಂದು ತೊಟ್ಟಿಯನ್ನು ಆರಿಸಿ. ದಿನಕ್ಕೆ ಆ ತೊಟ್ಟಿಗೆ ಎಷ್ಟು ಲೀಟರ್ ಹೋಗುತ್ತದೆ ಎಂಬುದನ್ನು ಒಂದು ಹೆಚ್ಚುವರಿ ಡ್ರಿಪ್ಪರ್ ಅನ್ನು ಬಾಟಲಿಗೆ ಬಿಟ್ಟು ಲೆಕ್ಕ ಹಾಕಿ. ಬಸಿದ ನೀರನ್ನು ಬಕೆಟ್ಟಿನಲ್ಲಿ ಹಿಡಿಯಿರಿ, ಬಕೆಟ್ಟಿಗೆ ಬಿಸಿಲು ತಾಗದಂತೆ ಮುಚ್ಚಿ. ಕೊಟ್ಟ ಸಾರಜನಕದಿಂದ ಬಸಿದ ಸಾರಜನಕವನ್ನು ಕಳೆದರೆ ಗಿಡ ತೆಗೆದುಕೊಂಡದ್ದು ಉಳಿಯುತ್ತದೆ.

ಎರಡು ಎಚ್ಚರಿಕೆ. ಪಟ್ಟಿ ಸಾಮಾನ್ಯವಾಗಿ ತೋರಿಸುವುದು ನೈಟ್ರೇಟಿನ ಪ್ರಮಾಣವನ್ನು, ಸಾರಜನಕದ್ದನ್ನಲ್ಲ. ಬಂದ ಅಂಕಿಯನ್ನು 4.43ರಿಂದ ಭಾಗಿಸಬೇಕು. ಲೀಟರಿಗೆ 500 ಮಿಲಿಗ್ರಾಂ ನೈಟ್ರೇಟ್ ಎಂದರೆ ಸುಮಾರು 113 ಮಿಲಿಗ್ರಾಂ ಸಾರಜನಕ. ಬಣ್ಣ ಪಟ್ಟಿಯ ಮಿತಿ ಮೀರಿದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್‌ನಲ್ಲಿ ಐದು ಪಟ್ಟು ತೆಳುಮಾಡಿ ನೋಡಿ, ಬಂದದ್ದನ್ನು ಐದರಿಂದ ಗುಣಿಸಿ. ಇನ್ನೊಂದು, ಒಂದೇ ದಿನದ ಅಂಕಿ ನಂಬಬೇಡಿ. ಕೊಕೊಪೀಟ್ ತನ್ನೊಳಗೂ ಸಾರಜನಕ ಹಿಡಿದಿಟ್ಟುಕೊಂಡಿರುತ್ತದೆ. ಮೂರು ದಿನಗಳ ಸರಾಸರಿ ತೆಗೆಯಿರಿ.

ಮುಂಡರಗಿ ಕೊಳವೆಬಾವಿ | ಡಿಸೆಂಬರ್ 15

ಇಲ್ಲಿಯ ತನಕ ಯಾರೂ ನೀರಿನ ಮಾತು ಎತ್ತಲಿಲ್ಲ, ಆದ್ದರಿಂದ ನಾನು ಎತ್ತುತ್ತೇನೆ. ಗದಗ ಜಿಲ್ಲೆಯ ನಮ್ಮ ಕಡೆ ಕೊಳವೆಬಾವಿಯ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚು, ಪಿಎಚ್ ಎಂಟರ ಹತ್ತಿರ. ಅದರ ಮೇಲೆ ಎಲ್ಲ ಸಾರಜನಕವನ್ನೂ ನೈಟ್ರೇಟ್ ಆಗಿಯೇ ಕೊಟ್ಟೆ. ಬೇರು ನೈಟ್ರೇಟ್ ಹೀರುವಾಗ ತನ್ನ ಸುತ್ತ ಪಿಎಚ್ ಅನ್ನು ಏರಿಸುತ್ತದೆ, ಅಮೋನಿಯಂ ಹೀರುವಾಗ ಇಳಿಸುತ್ತದೆ. ನನ್ನ ಜರ್ಬೇರಾದ ಎಳೆ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಬಿಳಿಚಿಕೊಂಡವು. ಸಾರಜನಕ ಸಾಲದು ಎಂದು ತಿಳಿದು ಇನ್ನಷ್ಟು ಕೊಟ್ಟೆ, ಇನ್ನಷ್ಟು ಬಿಳಿಚಿತು. ಅದು ಕಬ್ಬಿಣದ ಕೊರತೆಯಾಗಿತ್ತು. ಸಾರಜನಕದ ಕೊರತೆ ಬುಡದ ಎಲೆಯಲ್ಲಿ ಮೊದಲು ಕಾಣುತ್ತದೆ, ಕಬ್ಬಿಣದ್ದು ಕುಡಿಯಲ್ಲಿ. ಈ ಒಂದು ವ್ಯತ್ಯಾಸ ತಿಳಿಯದೆ ನಾನು ಒಂದು ಋತುವನ್ನೇ ಕಳೆದುಕೊಂಡೆ.

ಈಗ ಆಮ್ಲ ಹಾಕಿ ಪಿಎಚ್ ಅನ್ನು 6ರ ಆಸುಪಾಸಿಗೆ ತರುತ್ತೇನೆ. ನೈಟ್ರಿಕ್ ಆಮ್ಲ ಬಳಸುವವರು ಅದರಿಂದಲೂ ಸಾರಜನಕ ಸೇರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಕೈಗವಸು ಕನ್ನಡಕ ಇಲ್ಲದೆ ಅದನ್ನು ಮುಟ್ಟಬೇಡಿ, ಯಾವಾಗಲೂ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ. ನಮ್ಮ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆಯೂ ಇದೆ, ಜರ್ಬೇರಾ ಹೂವಿಗೆ ಅದು ಆಗಿಬರುವುದಿಲ್ಲ. ಕೃಷಿ ಹೊಂಡದ ಮಳೆನೀರು ಬೆರೆಸಲು ಆರಂಭಿಸಿದ ಮೇಲೆಯೇ ನನಗೆ ಸಮಾಧಾನವಾದದ್ದು.

ಅಮ್ಮಿನಬಾವಿ ಅಣ್ಣಾವರಿಗೆ ಒಂದು ಮಾತು: 19:19:19 ಚೀಲದ ಹಿಂಬದಿ ಓದಿ. ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದಲ್ಲಿ ಇರುತ್ತದೆ. ಯೂರಿಯಾ ಅಮೋನಿಯಂ ಆಗಬೇಕು, ಅಮೋನಿಯಂ ನೈಟ್ರೇಟ್ ಆಗಬೇಕು. ಮಣ್ಣಿನಲ್ಲಿ ಆ ಕೆಲಸಕ್ಕೆ ಬೇಕಾದ ಬ್ಯಾಕ್ಟೀರಿಯಾ ಬೇಕಾದಷ್ಟಿವೆ, ಹೊಸ ಕೊಕೊಪೀಟ್‌ನಲ್ಲಿ ಅಷ್ಟಿಲ್ಲ. ಚಳಿಯಲ್ಲಿ ಇನ್ನೂ ನಿಧಾನ.

ನಿವೃತ್ತ ಮಣ್ಣು ಮೇಷ್ಟ್ರು, ಧಾರವಾಡ | ಡಿಸೆಂಬರ್ 15

ಮುಂಡರಗಿಯವರು ಹೇಳಿದ ಪ್ರತಿ ಮಾತಿಗೂ ನನ್ನ ಸಹಿ ಇದೆ. ಮಣ್ಣಿಲ್ಲದ ಬೆಳೆಯಲ್ಲಿ ಒಟ್ಟು ಸಾರಜನಕದ ಹತ್ತನೇ ಒಂದು ಪಾಲಿನೊಳಗೆ ಅಮೋನಿಯಂ ಇರಲಿ, ಪಿಎಚ್ ಹಿಡಿತಕ್ಕೆ ಅಷ್ಟು ಸಾಕು. ಅಮೋನಿಯಂ ಬೇರಿನಲ್ಲೇ ತಕ್ಷಣ ಸಕ್ಕರೆಯ ಜೊತೆ ಸೇರಿ ಅಮೈನೋ ಆಮ್ಲ ಆಗಬೇಕು, ಕಾಯಲು ಅದಕ್ಕೆ ಸ್ಥಳವಿಲ್ಲ. ಸಕ್ಕರೆ ಕಡಿಮೆ ಇರುವ ಚಿಗುರಿನ ಹಂತದಲ್ಲಿ ಅಮೋನಿಯಂ ಹೆಚ್ಚಾದರೆ ಬೇರಿಗೆ ನಂಜಾಗುತ್ತದೆ. ನೈಟ್ರೇಟ್ ಆದರೆ ಜೀವಕೋಶದ ರಸಧಾನಿಯಲ್ಲಿ, ಅಂದರೆ ಕೋಶದೊಳಗಿನ ರಸದ ಚೀಲದಲ್ಲಿ, ಸುಮ್ಮನೆ ಕಾಯಬಲ್ಲದು. ಹೋದ ವರ್ಷದ ಸುಟ್ಟ ಅಂಚಿಗೆ ಲವಣದ ಜೊತೆ ಇದರ ಪಾಲೂ ಇದ್ದಿರಬಹುದು.

ಲಕ್ಷ್ಮೇಶ್ವರ ಸೇವಂತಿಗೆ | ಡಿಸೆಂಬರ್ 17

ನನ್ನದು ಎರೆ ಮಣ್ಣಿನ ಮಡಿಯಲ್ಲಿ ಬೆಳೆಯುವ ಸೇವಂತಿಗೆ, ಮೇಲೆ ನೆರಳುಬಲೆ. ಕಟಾವಿನ ಹೊತ್ತಿಗೆ ಹೀರಿಕೆ ಹೆಚ್ಚು ಎಂಬ ಗುಲಾಬಿಯ ಲೆಕ್ಕವನ್ನು ನಾನೂ ಹಿಡಿಯಬೇಕೇ ಮೇಷ್ಟ್ರೇ?

ನಿವೃತ್ತ ಮಣ್ಣು ಮೇಷ್ಟ್ರು, ಧಾರವಾಡ | ಡಿಸೆಂಬರ್ 17

ಬೇಡ ತಾಯಿ, ಕೇಳಿದ್ದು ಬಹಳ ಒಳ್ಳೆಯದಾಯಿತು. ಗುಲಾಬಿ ವರ್ಷಗಟ್ಟಲೆ ನಿಂತು ಮತ್ತೆ ಮತ್ತೆ ಹೂವು ಬಿಡುವ ಗಿಡ, ಅದಕ್ಕೆ ಮುಂದಿನ ಸುತ್ತಿಗೆ ಕೂಡಿಡುವ ಕೆಲಸವಿದೆ. ಸೇವಂತಿಗೆ ಒಂದೇ ಸಲ ಹೂವು ಕೊಟ್ಟು ಮುಗಿಯುವ ಬೆಳೆ. ಅದು ಎಲೆ ಬೆಳೆಸುವ ಕಾಲದಲ್ಲೇ ಸಾರಜನಕದ ಬಹುಪಾಲನ್ನು ತೆಗೆದುಕೊಂಡು, ಹೂವಿಗೆ ಎಲೆಯಿಂದ ಸಾಗಿಸುತ್ತದೆ. ಮೊದಲ ಏಳು ವಾರಗಳಲ್ಲಿ ಕೊರತೆಯಾದರೆ ಆಮೇಲೆ ಎಷ್ಟು ಕೊಟ್ಟರೂ ಹೂವಿನ ಗುಣ ಮರಳುವುದಿಲ್ಲ ಎಂದು 1950ರ ದಶಕದಲ್ಲೇ ಕಂಡುಕೊಂಡಿದ್ದಾರೆ. ಮೊಗ್ಗು ಬಣ್ಣ ತೋರಿಸಿದ ಮೇಲೆ ನೀವು ಸಾರಜನಕ ಇಳಿಸುವುದು ಸರಿ, ಕಿತ್ತ ಹೂವು ಹೆಚ್ಚು ದಿನ ಬಾಳುತ್ತದೆ. ಮೊಗ್ಗಿಗೆ ಸಾರಜನಕ ಬೇಡ ಎಂಬ ಅಂಗಡಿಯ ಮಾತು ಬಹುಶಃ ಸೇವಂತಿಗೆಯಿಂದಲೇ ಗುಲಾಬಿಗೆ ಬಂದು ಸೇರಿಕೊಂಡಿರಬೇಕು.

ರಾಣೆಬೆನ್ನೂರು ನೆರಳುಬಲೆ | ಡಿಸೆಂಬರ್ 18

ಹಗೇವಿನ ಮಾತು ಮನಸ್ಸಿಗೆ ಇಳಿಯಿತು. ಈಗ ಇನ್ನೊಂದು ಕಗ್ಗಂಟು. ಲೀಟರಿಗೆ 14 ಮಿಲಿಗ್ರಾಂನಲ್ಲೇ ಬೇರಿನ ಮೊದಲ ತಂಡ ತುಂಬಿಬಿಡುತ್ತದೆ ಎಂದಿರಿ. ಹಾಗಾದರೆ ಎಲ್ಲರೂ 140, 150 ಕೊಡುತ್ತಿರುವುದು ಏಕೆ? ಹತ್ತು ಪಟ್ಟು ಗೊಬ್ಬರದ ದುಡ್ಡು ಚರಂಡಿಗೆ ಹೋಗುತ್ತಿದೆಯೇ?

ನಿವೃತ್ತ ಮಣ್ಣು ಮೇಷ್ಟ್ರು, ಧಾರವಾಡ | ಡಿಸೆಂಬರ್ 18

14 ಮಿಲಿಗ್ರಾಂ ಎನ್ನುವುದು ಬೇರಿನ ಮೈಗೆ ತಾಗಿರುವ ನೀರಿನಲ್ಲಿ, ಎಡೆಬಿಡದೆ ಇರಬೇಕಾದ ಪ್ರಮಾಣ. ಹರಿಯುವ ನೀರಿನಲ್ಲಿ ಬೇರು ಇಳಿಬಿಟ್ಟು ಬೆಳೆಸಿದರೆ ಬಹಳ ತೆಳುವಾದ ದ್ರಾವಣದಲ್ಲೂ ಗಿಡ ಚೆನ್ನಾಗಿ ಬೆಳೆಯುತ್ತದೆ, ಏಕೆಂದರೆ ತೆಗೆದ ಕೂಡಲೇ ಹೊಸದು ಬಂದು ತುಂಬುತ್ತದೆ. ತೊಟ್ಟಿಯಲ್ಲಿ ಹಾಗಲ್ಲ. ಒಂದು ನೀರಿಗೂ ಇನ್ನೊಂದಕ್ಕೂ ನಡುವೆ ಮೂರು ಗಂಟೆ ಇದ್ದರೆ ಬೇರಿನ ಜಾಲ ತನ್ನ ಸುತ್ತಲಿನದನ್ನು ಖಾಲಿ ಮಾಡುತ್ತಾ ಹೋಗುತ್ತದೆ. ಗಿಡಕ್ಕೆ ದಿನಕ್ಕೆ 100 ಮಿಲಿಗ್ರಾಂ ಬೇಕು, ನೀವು ಕೊಡುವುದು ಮುಕ್ಕಾಲು ಲೀಟರ್ ಎಂದಾದರೆ ಲೀಟರಿಗೆ 14ರ ಲೆಕ್ಕದಲ್ಲಿ ಮುಟ್ಟುವುದು ಹತ್ತೂವರೆ ಮಿಲಿಗ್ರಾಂ ಮಾತ್ರ. 140 ಎಂಬುದು ಬೇರಿನ ವೇಗ ಹೆಚ್ಚಿಸಲು ಕೊಡುವುದಲ್ಲ, ಮುಂದಿನ ನೀರಿನ ತನಕ ಬುತ್ತಿ ತೀರದಿರಲಿ ಎಂದು ಕೊಡುವುದು. ಹೀಗೆ ನೋಡಿದರೆ ಗಟ್ಟಿಯಾಗಿ ಒಮ್ಮೆ ಕೊಡುವುದಕ್ಕಿಂತ ತೆಳುವಾಗಿ ಹಲವು ಸಲ ಕೊಡುವುದೇ ಮೇಲು. 140ರಿಂದ 220ಕ್ಕೆ ಏರಿಸಿದರೆ ಗಿಡಕ್ಕೆ ಹೋಗುವುದು ಅಲ್ಪ, ಉಳಿದದ್ದು ನಿಮ್ಮ ಚರಂಡಿಗೆ, ಅಲ್ಲಿಂದ ನಿಮ್ಮದೇ ಬಾವಿಗೆ.

ಹಾನಗಲ್ ಜರ್ಬೇರಾ | ಡಿಸೆಂಬರ್ 19

ನನ್ನ ಅನುಮಾನವನ್ನೂ ಹೇಳಿಬಿಡುತ್ತೇನೆ. ಅಮ್ಮಿನಬಾವಿ ಅಣ್ಣಾವರು ಎಲ್ಲ ಗಿಡ ಒಟ್ಟಿಗೆ ಸವರಿದ್ದಾರೆ, ಅವರಿಗೆ ಸುತ್ತು ಸ್ಪಷ್ಟ. ನನ್ನ ಮನೆಯಲ್ಲಿ ದಿನ ಬಿಟ್ಟು ದಿನ ಹೂವು ಕೀಳುತ್ತೇವೆ. ಒಂದು ಗಿಡ ಮೊಗ್ಗಿನಲ್ಲಿ, ಪಕ್ಕದ್ದು ಖಾಲಿ. ಹಾಗಿದ್ದಾಗ ಏರಿಳಿತಗಳು ಒಂದರಲ್ಲೊಂದು ಬೆರೆತು ಸಮವಾಗಿಬಿಡುವುದಿಲ್ಲವೇ? ನನಗೆ ಇದಕ್ಕಿಂತ ಮೋಡದ ಚಿಂತೆ ಹೆಚ್ಚು. ನಮ್ಮ ಹಾನಗಲ್ ಮಲೆನಾಡಿನ ಸೆರಗು. ಆಷಾಢದಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ.

ನಿವೃತ್ತ ಮಣ್ಣು ಮೇಷ್ಟ್ರು, ಧಾರವಾಡ | ಡಿಸೆಂಬರ್ 19

ನಿಮ್ಮ ಅನುಮಾನವೇ ಸರಿ, ಅಕ್ಕಾವರೇ. ಸುತ್ತು ಬೆರೆತಿರುವ ಮನೆಯಲ್ಲಿ ಸಾರಜನಕವನ್ನು ವಾರವಾರ ಬದಲಿಸುವುದರಿಂದ ಲಾಭವಿಲ್ಲ, ಸಮವಾಗಿ ಕೊಡುತ್ತಾ ಬಸಿದ ನೀರನ್ನು ಗಮನಿಸಿದರೆ ಸಾಕು. ಮೋಡದ ಕಾಲದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ಎಲೆಗೆ ಬಂದ ನೈಟ್ರೇಟ್ ಅಮೈನೋ ಆಮ್ಲವಾಗಲು ಬೆಳಕು ಬೇಕು, ಸಕ್ಕರೆ ಬೇಕು, ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವ ಬೇಕು. ಆ ಕಿಣ್ವಕ್ಕೆ ಮಾಲಿಬ್ಡಿನಂ ಬೇಕು. ಬೆಳಕಿಲ್ಲದಿದ್ದರೆ ನೈಟ್ರೇಟ್ ಎಲೆಯಲ್ಲೇ ಉಳಿದು ಗಿಡ ನೀರುನೀರಾಗುತ್ತದೆ. ತೇವದ ಗಾಳಿಯಲ್ಲಿ ಎಲೆಯಿಂದ ನೀರು ಆವಿಯಾಗದೆ ಕ್ಯಾಲ್ಸಿಯಂ ಮೇಲೇರುವುದೂ ಕಡಿಮೆಯಾಗುತ್ತದೆ, ಹೂವಿನ ದಂಟು ಬಾಗುತ್ತದೆ. ಅಂಥ ವಾರಗಳಲ್ಲಿ ನೀರಿನ ಸರತಿ ಕಡಿಮೆ ಮಾಡಿ, ಅಮೋನಿಯಂ ಪೂರಾ ನಿಲ್ಲಿಸಿ.

ಅಮ್ಮಿನಬಾವಿ ಗುಲಾಬಿ | ಜನವರಿ 4

ಮೂರು ವಾರ ಬಕೆಟ್ಟು ಇಟ್ಟು ನೋಡಿದ್ದನ್ನು ಬರೆಯುತ್ತಿದ್ದೇನೆ. ಗುರುತು ಮಾಡಿದ ತೊಟ್ಟಿಯಲ್ಲಿ ಇಪ್ಪತ್ತು ಗಿಡ. ಕೊಡುವ ನೀರಿನಲ್ಲಿ ಲೀಟರಿಗೆ 140 ಮಿಲಿಗ್ರಾಂ ಸಾರಜನಕ ಇರುವಂತೆ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ತೂಗಿ ಹಾಕಿದೆ. 19:19:19 ನಿಲ್ಲಿಸಿದೆ.

ಡಿಸೆಂಬರ್ ಮೂರನೇ ವಾರ, ಚಿಗುರು ದಿನಕ್ಕೆರಡು ಬೆರಳಿನಷ್ಟು ಏರುತ್ತಿದ್ದಾಗ: ತೊಟ್ಟಿಗೆ ಹೋದದ್ದು 16 ಲೀಟರ್, ಅಂದರೆ 2,240 ಮಿಲಿಗ್ರಾಂ. ಬಸಿದದ್ದು ನಾಲ್ಕೂವರೆ ಲೀಟರ್, ಪಟ್ಟಿಯ ಅಂಕಿಯನ್ನು ಭಾಗಿಸಿದ ಮೇಲೆ ಲೀಟರಿಗೆ 250 ಮಿಲಿಗ್ರಾಂ ಸಾರಜನಕದ ಹತ್ತಿರ, ಒಟ್ಟು 1,125. ಗಿಡಗಳು ಇಟ್ಟುಕೊಂಡದ್ದು 1,115, ಗಿಡವೊಂದಕ್ಕೆ 56 ಮಿಲಿಗ್ರಾಂ. ನೀರನ್ನು ಚೆನ್ನಾಗಿಯೇ ಕುಡಿದಿವೆ, ಸಾರಜನಕದಲ್ಲಿ ಅರ್ಧವನ್ನು ಬಿಟ್ಟಿವೆ. ಬಕೆಟ್ಟಿನ ಮುಂದೆ ಕುಳಿತು ಪಟ್ಟಿಯ ಗುಲಾಬಿ ಬಣ್ಣ ನಿಮಿಷ ನಿಮಿಷಕ್ಕೂ ಗಾಢವಾಗುತ್ತಾ ಮಿತಿ ದಾಟಿದ್ದನ್ನು ನೋಡಿದೆ. ಹೋದ ವರ್ಷ ಇದೇ ದಿನಗಳಲ್ಲಿ ನಾನು ಚೀಲದ ಮೇಲೆ ಚೀಲ ಕರಗಿಸುತ್ತಿದ್ದೆ.

ಮೇಷ್ಟ್ರ ಸಲಹೆ ಕೇಳಿ 100ಕ್ಕೆ ಇಳಿಸಿದೆ. ಕ್ಯಾಲ್ಸಿಯಂ ನೈಟ್ರೇಟನ್ನು ಮುಟ್ಟಲಿಲ್ಲ, ಚಿಗುರಿಗೆ ಕ್ಯಾಲ್ಸಿಯಂ ಬೇಕು. ಪೊಟ್ಯಾಸಿಯಂ ನೈಟ್ರೇಟ್ ಕಡಿಮೆ ಮಾಡಿ ಆ ಪೊಟ್ಯಾಷನ್ನು ಸಲ್ಫೇಟ್ ರೂಪದಲ್ಲಿ ಇನ್ನೊಂದು ಟ್ಯಾಂಕಿನಿಂದ ಕೊಟ್ಟೆ. ಕ್ಯಾಲ್ಸಿಯಂ ನೈಟ್ರೇಟನ್ನೂ ಸಲ್ಫೇಟನ್ನೂ ಒಂದೇ ಟ್ಯಾಂಕಿಗೆ ಹಾಕಿದರೆ ಜಿಪ್ಸಂ ಕಟ್ಟಿ ಡ್ರಿಪ್ ಮುಚ್ಚಿಕೊಳ್ಳುತ್ತದೆ, ಹೊಸಬರು ಗಮನಿಸಿ. ಈಗ ಬಸಿದ ನೀರಿನ ಇಸಿ 1.9ಕ್ಕೆ ನಿಂತಿದೆ, ಒಂದು ಎಲೆಯೂ ಸುಟ್ಟಿಲ್ಲ, ಚಿಗುರಿನ ಓಟವೂ ಕಡಿಮೆಯಾಗಿಲ್ಲ. ಇನ್ನೊಂದು ಬದಲಾವಣೆ: ಟ್ಯಾಂಕಿನ ನೀರು ಬೆಳಗಿನ ಚಳಿಗೆ ಕೈ ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಮೊದಲ ನೀರನ್ನು ಆರು ಗಂಟೆಯ ಬದಲು ಬಿಸಿಲೇರಿದ ಮೇಲೆ, ಒಂಬತ್ತಕ್ಕೆ ಕೊಡುತ್ತಿದ್ದೇನೆ.

ಮುಂಡರಗಿ ಕೊಳವೆಬಾವಿ | ಜನವರಿ 5

ತಣ್ಣೀರಿನ ಮಾತು ನಿಜ ಅಣ್ಣಾವರೇ. ಬೇರಿನ ಜಾಗ 15 ಡಿಗ್ರಿಗಿಂತ ಕೆಳಗಿಳಿದರೆ ಹೀರಿಕೆ ಮಂದವಾಗುತ್ತದೆ. ನಾನು ಟ್ಯಾಂಕಿಗೆ ಕಪ್ಪು ಬಣ್ಣ ಬಳಿಸಿದ್ದೇನೆ, ಬೇಸಿಗೆಯಲ್ಲಿ ಅದರ ಮೇಲೆ ಸುಣ್ಣ ಬಳಿಸುತ್ತೇನೆ.

ಅಮ್ಮಿನಬಾವಿ ಗುಲಾಬಿ | ಫೆಬ್ರುವರಿ 3

ಮೊಗ್ಗುಗಳು ಬಣ್ಣ ತೋರಿಸಿವೆ. ಜನವರಿ ಎರಡನೇ ವಾರದಿಂದಲೇ ಬಸಿದ ನೀರಿನ ನೈಟ್ರೇಟ್ ಇಳಿಯತೊಡಗಿತು, ಆಗ ಮತ್ತೆ 140ಕ್ಕೆ ಏರಿಸಿದೆ. ನಿನ್ನೆಯ ಮೂರು ದಿನಗಳ ಸರಾಸರಿ: ಹೋದದ್ದು 20 ಲೀಟರ್, 2,800 ಮಿಲಿಗ್ರಾಂ. ಬಸಿದದ್ದು 4 ಲೀಟರ್, ಲೀಟರಿಗೆ ಸುಮಾರು 110, ಒಟ್ಟು 440. ಗಿಡವೊಂದಕ್ಕೆ 118 ಮಿಲಿಗ್ರಾಂ. ಡಿಸೆಂಬರಿನ ಎರಡು ಪಟ್ಟಿಗಿಂತ ಹೆಚ್ಚು, ಅದೂ ಕಡ್ಡಿಯ ಬೆಳವಣಿಗೆ ಕಣ್ಣಿಗೆ ನಿಂತಂತೆ ಕಾಣುವ ಹೊತ್ತಿನಲ್ಲಿ.

ಬಿಸಿಲು ಹೆಚ್ಚಿದ್ದರಿಂದಲೂ ಸ್ವಲ್ಪ ಏರಿರಬಹುದು ಎಂದು ನನಗೇ ಅನ್ನಿಸುತ್ತದೆ. ಆದರೆ ನೀರು ಏರಿದ್ದು ಹನ್ನೊಂದೂವರೆ ಲೀಟರಿನಿಂದ ಹದಿನಾರಕ್ಕೆ, ಸಾರಜನಕ ಏರಿದ್ದು ಅದಕ್ಕಿಂತ ಬಹಳ ಹೆಚ್ಚು. ಕಟಾವಾಗುವ ತನಕ ಇಳಿಸುವುದಿಲ್ಲ. ಪರೀಕ್ಷೆಗೆಂದು ಕೊನೆಯ ಎರಡು ತೊಟ್ಟಿಗಳಿಗೆ ಮಾತ್ರ ಹೋದ ವರ್ಷದಂತೆ ಅರ್ಧ ಕೊಡುತ್ತಿದ್ದೇನೆ. ಹೂವಿನಲ್ಲಿ ಇವತ್ತಿನ ತನಕ ವ್ಯತ್ಯಾಸ ಕಾಣುತ್ತಿಲ್ಲ. ಮೇಷ್ಟ್ರು ಹೇಳಿದ್ದು ನಿಜವಾದರೆ ವ್ಯತ್ಯಾಸ ಕಾಣಬೇಕಾದದ್ದು ಮಾರ್ಚಿನ ಚಿಗುರಿನಲ್ಲಿ. ಎಲ್ಲ ತೊಟ್ಟಿಗಳ ಕಡ್ಡಿಯ ಉದ್ದವನ್ನೂ ಆಗ ಅಳೆದು ಇಲ್ಲೇ ಹಾಕುತ್ತೇನೆ.

ಲಕ್ಷ್ಮೇಶ್ವರ ಸೇವಂತಿಗೆ | ಫೆಬ್ರುವರಿ 3

ಅಣ್ಣಾವರೇ, ಆ ಎರಡು ತೊಟ್ಟಿಗಳಿಗೆ ಬಣ್ಣದ ದಾರ ಕಟ್ಟಿಡಿ. ಕಟಾವಿನ ಗದ್ದಲದಲ್ಲಿ ಯಾವುದು ಯಾವುದೆಂದು ಆಳುಗಳಿಗೆ ತಿಳಿಯುವುದಿಲ್ಲ.

ಅಮ್ಮಿನಬಾವಿ ಗುಲಾಬಿ | ಫೆಬ್ರುವರಿ 3

ಕಟ್ಟಿದ್ದೇನೆ ಅಕ್ಕಾವರೇ, ನನ್ನ ಮಗಳ ಹಳದಿ ರಿಬ್ಬನ್ನು. ಬಕೆಟ್ಟುಗಳನ್ನೂ ಅಲ್ಲೇ ಬಿಟ್ಟಿದ್ದೇನೆ.